ಕಕ್ಕಿದ್ರೆ ಅಸಹ್ಯ, ವಾಂತಿ ಮಾಡಿದ್ರೆ ಸಭ್ಯವಾ?

ಮೊನ್ನೆ ಒಂದು ಪತ್ರಿಕೆಗೆ ಪುಟ್ಟ ಲೇಖನ ಕಳಿಸಿದ್ದೆ. ನಮ್ಮ ಮಗಳು ಕೂಸಾಗಿದ್ದಾಗಿನ ಕತೆ. "ಮಗು ಹಾಲು ಕಕ್ಕಿತು" ಅಂತ ಬರೆದಿದ್ದೆ. ಅಚ್ಚಾಗಿ ಬಂದ ಮೇಲೆ ನೋಡ್ತೀನಿ, "ಮಗು ಹಾಲನ್ನು ವಾಂತಿ ಮಾಡಿಕೊಂಡಿತು"! ಫೋನ್ ಮಾಡಿ ಕೇಳಿದ್ರೆ, "ಕಕ್ಕು ಅನ್ನೋದು ಗ್ರಾಮ್ಯ ಸಾರ್, ಓದೋರಿಗೆ ಅಸಹ್ಯ ಆಗುತ್ತೆ" ಅಂದ್ರು.

ಪದ ಬದಲಾಯಿಸಿದ್ರೆ ಹಾಳಾಗಿ ಹೋಗ್ಲಿ, ಅರ್ಥಾನೇ ಬದಲಾಯಿಸಿಬಿಟ್ರಲ್ಲ! ಹಾಲು ಕಕ್ಕೋದೇ ಬೇರೆ, ವಾಂತಿಯೇ ಬೇರೆ. ಕುಡಿದ ಕೂಸು ತೇಗಿದಾಗ ಕಟಬಾಯಲ್ಲಿ ಒಂದಿಷ್ಟು ಹಾಲು ಹರಿದು ಬರುತ್ತೆ, ಕೂಸು ತನ್ನ ಪಾಡಿಗೆ ನಗ್ತಾ ಇರುತ್ತೆ. ಅದು ಕಕ್ಕೋದು. ಹೊಟ್ಟೆ ಹಿಂಡಿಕೊಂಡು ರಭಸವಾಗಿ ಬಂದರೆ ವಾಂತಿ. ಮೊದಲನೆಯದಕ್ಕೆ ಒಂದು ಬಟ್ಟೆ ಸಾಕು. ಎರಡನೆಯದು ಮತ್ತೆ ಮತ್ತೆ ಆದ್ರೆ ಡಾಕ್ಟರು ಬೇಕು.

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಮಗಳಿಗೆ ಎರಡು ತಿಂಗಳಿದ್ದಾಗ ರಾತ್ರಿ ಹನ್ನೊಂದು ಗಂಟೆಗೆ "ವಾಮಿಟ್ ಮಾಡ್ತಿದೆ" ಅಂತ ಗಾಬರಿಬಿದ್ದು ನಾವಿಬ್ಬರೂ ಆಟೋ ಹಿಡಿದು ಓಡಿದ್ವಿ. ಡಾಕ್ಟರು ಮಗೂನ ತೂಕ ಮಾಡಿ, ಹೊಟ್ಟೆ ಮುಟ್ಟಿ ನೋಡಿ, ನಕ್ಕು ಕಳಿಸಿದ್ರು. ಮನೆ ಬಾಗಿಲಲ್ಲೇ ಅಮ್ಮ ನಿಂತಿದ್ಲು. "ಹಾಲು ಕಕ್ಕಿದೆ ಕಣೋ ಅಂತ ಅಷ್ಟು ಬಡ್ಕೊಂಡೆ, ಕೇಳಿದ್ಯಾ?" ಕೇಳಿದ್ದೆ. ಆದ್ರೆ ವಾಮಿಟ್‌ಗೆ ಅಮ್ಮನ ಹಳ್ಳಿ ಕನ್ನಡ ಅದು ಅಂದ್ಕೊಂಡಿದ್ದೆ. ಡಾಕ್ಟರು ಹೇಳಿದ್ದೂ ಅದನ್ನೇ, ಅಮ್ಮ ಒಂದು ಪದದಲ್ಲಿ ಹೇಳಿದ್ಲು.

ಇನ್ನೂ ಇವೆ ನೋಡಿ. ಘಾಟಿ ರಸ್ತೇಲಿ ಬಸ್ಸು ತಿರುಗಿದಾಗ ಹೊಟ್ಟೆ ತೊಳಸುತ್ತೆ. ಆಮೇಲೆ ಓಕರಿಕೆ, ಬಂದ ಹಾಗೆ ಆಗಿ ಏನೂ ಬರಲ್ಲ. ಆಮೇಲೇನೇ ಕಿಟಕಿ ಪಕ್ಕದೋರಿಗೆ ಗ್ರಹಚಾರ :-) ಈಗ ಎಲ್ಲಕ್ಕೂ ಒಂದೇ, "ವಾಮಿಟ್ ಬರ್ತಿದೆ".

ಇನ್ನು ಗ್ರಾಮ್ಯದ ವಿಷ್ಯ. ಕಿಟೆಲ್ ಸಾಹೇಬರ 1894ರ ನಿಘಂಟಿನಲ್ಲಿ ಕಕ್ಕು, ಕಾರು ಎರಡೂ ಮರ್ಯಾದೆಯಿಂದ ಕೂತಿವೆ. ತಮಿಳು, ತೆಲುಗಿನಲ್ಲೂ ಕಕ್ಕು ಇದೆ. ಸಂಸ್ಕೃತದ ಮಡಿ ಬೇಕು ಅನ್ನೋರಿಗೆ ದಂಡಿ ಇದ್ದಾನೆ. ನಮ್ಮ ಕವಿರಾಜಮಾರ್ಗಕ್ಕೆ ಆಧಾರವಾದ ಕಾವ್ಯಾದರ್ಶದಲ್ಲಿ ಅವನು ಹೇಳೋದು ಇಷ್ಟು: 'ವಾಂತ'ದಂಥ ಪದಗಳು ಇನ್ನೊಂದರ ಮೇಲೆ ಆರೋಪಿಸಿ ಹೇಳಿದಾಗ ಬಹಳ ಸುಂದರ, ಇಲ್ಲದಿದ್ರೆ ಗ್ರಾಮ್ಯ. ಅಂದ್ರೆ ಇವತ್ತು ನಾವು ಸಭ್ಯ ಅಂತ ಹೊದ್ದುಕೊಂಡಿರೋ ವಾಂತಿಯ ಮೂಲಾನೇ ಅವನಿಗೆ ಗ್ರಾಮ್ಯ! ವಾಂತಿಯ 'ವಮ್' ಧಾತುವೂ ಇಂಗ್ಲಿಷಿನ ವಾಮಿಟ್ಟೂ ದೂರದ ದಾಯಾದಿಗಳು ಬೇರೆ. ಕಕ್ಕು ಬಿಟ್ಟು ವಾಂತಿ, ವಾಂತಿ ಬಿಟ್ಟು ವಾಮಿಟ್ ಅಂತ ಹೋದೋರು ಒಂದೇ ವಂಶದ ಎರಡು ಮನೆ ಸುತ್ತಿ ಬಂದ ಹಾಗಾಯ್ತು.

ಹಾಗಂತ ನಾನು ವಾಂತಿಯ ವಿರೋಧಿ ಅಲ್ಲ ಮಾರಾಯ್ರೆ. ವಾಂತಿ ಆದಾಗ ವಾಂತಿ ಅಂತಾನೇ ಬರೀತೀನಿ. ಆದ್ರೆ ನನ್ನ ಲೇಖನ ತಿದ್ದಿದ ಅದೇ ಸಂಚಿಕೆಯಲ್ಲಿ, ನಾಲ್ಕು ಪುಟ ಆಚೆ ದಪ್ಪಕ್ಷರದ ತಲೆಬರಹ ಒಂದಿದೆ: "ನುಂಗಿದ ಹಣ ಕಕ್ಕಿಸಿ". ಅಲ್ಲಿ ಯಾಕೆ ಸ್ವಾಮಿ "ವಾಂತಿ ಮಾಡಿಸಿ" ಅಂತ ತಿದ್ದಲಿಲ್ಲ?