ಗೃಹಕಲೆ: ಎಳ್ಳುಬೆಲ್ಲದ ಕಾಗದ

ನಮ್ಮ ಅಕ್ಕನವರಿಗೆ ಮಧುಮೇಹವು ತಗುಲಿದಂದಿನಿಂದ, ಸಂಕ್ರಾಂತಿಯ ದಿನ ಎಳ್ಳು ಬೀರಲು ಅವರ ಮನೆಗೆ ತಟ್ಟೆಯನ್ನೊಯ್ಯುವುದು ನಮಗೆ ಸಂಕಟದ ಕೆಲಸವಾಯಿತು. ಒಯ್ದರೆ ವೈದ್ಯರ ಮಾತನ್ನು ಮೀರಿದಂತೆ. ಒಯ್ಯದಿದ್ದರೆ ಹಬ್ಬವೇ ಮುನಿದಂತೆ. ಆದುದರಿಂದ ತಟ್ಟೆಯನ್ನು ಕಾಗದದ ಮೇಲೆಯೇ ಬಡಿಸಲು ನಿಶ್ಚಯಿಸಿದೆವು.

ಮೊದಲ ಕಾರ್ಡು ಕೆಟ್ಟಿತು. ರಬ್ಬರಿನ ಅಚ್ಚುಗಳಿಂದ ಕಬ್ಬು, ಬೆಲ್ಲದ ಚೂರು, ಎಲಚಿಹಣ್ಣು, ಆನೆಯಾಕಾರದ ಸಕ್ಕರೆ ಅಚ್ಚು ಇವುಗಳನ್ನೊತ್ತಿ, ಶಾಯಿಯು ಒಣಗಿತೆಂದು ನಂಬಿ ನೀರುಬಣ್ಣದ ಕುಂಚವನ್ನಾಡಿಸಿದೊಡನೆ ಗೆರೆಗಳೆಲ್ಲ ಕದಡಿ, ಸಕ್ಕರೆಯ ಆನೆಯು ಕೆಸರಿನಲ್ಲಿ ಹೊರಳಿದ ಆನೆಯಾಯಿತು! ನೀರಿನಲ್ಲಿ ಕರಗುವ ಶಾಯಿಯನ್ನು ಬಳಸಿದ್ದೇ ತಪ್ಪು. ನಿಧಾನವಾಗಿ ಒಣಗುವ ಗಟ್ಟಿಶಾಯಿಯಿಂದ ಅಚ್ಚೊತ್ತಿ, ಹಸಿಯಿರುವಾಗಲೇ ಅದರ ಮೇಲೆ ಉಬ್ಬುಗೆರೆಯ ಪುಡಿಯನ್ನು ಉದುರಿಸಿ, ಹೆಚ್ಚಾದುದನ್ನು ಕೊಡವಿ, ಬಿಸಿಗಾಳಿಯ ಉಪಕರಣದಿಂದ ಕಾಯಿಸಿದರೆ ಪುಡಿಯು ಕರಗಿ ಗೆರೆಯು ಉಬ್ಬಿ ನಿಲ್ಲುವುದು. ಅದು ನೀರನ್ನು ತಡೆಯುವುದರಿಂದ ಒಳಗೆ ಹಚ್ಚಿದ ಬಣ್ಣವು ಹೊರಗೆ ಹರಿಯದು. ಕೂದಲನ್ನು ಒಣಗಿಸುವ ಯಂತ್ರವು ಇದಕ್ಕೆ ಸಲ್ಲದು. ಅದರ ಶಾಖವೂ ಸಾಲದು, ಗಾಳಿಯು ಪುಡಿಯನ್ನೂ ಹಾರಿಸಿಬಿಡುವುದು.

ಬೆಲ್ಲವನ್ನು ಬರೆಯುವುದೇ ನಮಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ದಪ್ಪನಾದ, ನೀರನ್ನು ಹೀರಬಲ್ಲ ಕಾಗದವೇ ಬೇಕು. ಮೊದಲು ತೆಳುವಾಗಿ ಹಳದಿಯನ್ನು ಹಚ್ಚಿ, ಅದು ಆರುವ ಮೊದಲೇ ಒಂದು ಮಗ್ಗುಲಿಗೆ ಕಂದು ಬಣ್ಣವನ್ನು ಸೇರಿಸಿ, ನೀರಿನ ಹೊಳಪು ಇನ್ನೇನು ಮಾಯವಾಗುವುದೆನ್ನುವಾಗ ನಾಲ್ಕೈದು ಹರಳು ಅಡಿಗೆಯ ಉಪ್ಪನ್ನು ಉದುರಿಸಬೇಕು. ಉಪ್ಪು ತನ್ನ ಸುತ್ತಲಿನ ನೀರನ್ನೂ ಬಣ್ಣವನ್ನೂ ಎಳೆದುಕೊಂಡು, ಬೆಲ್ಲವನ್ನು ಒಡೆದಾಗ ಕಾಣುವ ಹರಳುಹರಳಾದ ಮೈಯನ್ನು ಮೂಡಿಸುವುದು. ಚೆನ್ನಾಗಿ ಒಣಗಿದ ಮೇಲೆ ಉಪ್ಪನ್ನೆಲ್ಲ ಒರಸಿ ತೆಗೆಯಿರಿ. ಉಳಿದರೆ ಮಳೆಗಾಲದಲ್ಲಿ ನೀರೊಡೆಯುವುದು.

ಸಕ್ಕರೆ ಅಚ್ಚಿಗೆ ಬಿಳಿಯನ್ನು ಹಚ್ಚಬೇಕಾಗಿಲ್ಲ. ಕಾಗದವೇ ಬಿಳಿ, ನೆರಳು ಬೀಳುವ ಅಂಚಿಗೆ ಮಾತ್ರ ತೆಳುವಾದ ನೀಲಿಯನ್ನು ಸವರಿದರೆ ಆನೆಯ ಹೊಟ್ಟೆಯು ತಾನಾಗಿ ಉಬ್ಬಿ ಕಾಣುವುದು. ಹೊಳಪಿಗಾಗಿ ಅಂಟಿನ ಮೇಲೆ ಮಿನುಗುಪುಡಿಯನ್ನು ಉದುರಿಸಬಹುದು. ನಿಜವಾದ ಸಕ್ಕರೆಯನ್ನು ಅಂಟಿಸಿದ ಸಾಹಸಿಯೂ ನಮ್ಮ ಮನೆಯಲ್ಲುಂಟು; ಮರುದಿನ ಇರುವೆಗಳೇ ಮೊದಲು ಹಬ್ಬವನ್ನು ಆಚರಿಸಿದವು.

ಕರಿಕಬ್ಬಿಗೆ ನೇರಳೆ ಬಣ್ಣ ಸಾಲದು. ಗೆಣ್ಣಿನ ಕೆಳಗೆ ಬೂದಿ ಬಳಿದಂತಹ ಪಟ್ಟಿಯೊಂದಿರುವುದಷ್ಟೆ. ಅದನ್ನು ಬಿಳಿ ಸೀಸದಿಂದ ಎಳೆಯದಿದ್ದರೆ ಕಬ್ಬು ಬರಿಯ ಕೋಲಾಗಿ ಕಾಣುವುದು. ಎಲಚಿಗೆ ಹಸುರಿನೊಳಗೆ ಹಸಿಯಾಗಿಯೇ ಕೆಂಗಂದನ್ನು ಬಿಟ್ಟು, ಬೆಳಕಿನ ಕಡೆ ಒಂದು ಚುಕ್ಕೆ ಬಿಳಿಯನ್ನುಳಿಸಿದರಾಯಿತು.

ಎರಡನೆಯ ಕಾರ್ಡನ್ನು ನಾವೇ ಒಯ್ದು ಕೊಟ್ಟೆವು. ಅಕ್ಕನವರು ಕನ್ನಡಕವನ್ನು ತರಿಸಿಕೊಂಡು, ಆನೆಯ ಬೆನ್ನನ್ನು ಬೆರಳಿನಿಂದ ಮೆಲ್ಲನೆ ಸವರಿ, ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಎಲ್ಲಾ ಸರಿ ಕಣೇ, ಬೆಲ್ಲ ಮಾತ್ರ ಒಂದು ಪಾಕ ಹೆಚ್ಚಾಗಿ ಕಪ್ಪಾಗಿದೆ" ಎಂದರು. ಅವರ ಮಾತು ನಿಜ. ಕಂದು ಬಣ್ಣಕ್ಕೆ ಇನ್ನಷ್ಟು ನೀರನ್ನು ಬೆರೆಸಬೇಕಾಗಿತ್ತು.