ಹುಲ್ಲಿನ ಮೇಲೆ ಸರಿ, ರಸ್ತೆಯ ಮೇಲೆ ಕುಂಟು

ಗ್ರೇಹೌಂಡ್ ನಾಯಿ ಹುಲ್ಲಿನ ಮೇಲೆ ನೆಟ್ಟಗೆ ನಡೆದು, ರಸ್ತೆಗೆ ಕಾಲಿಟ್ಟ ಕೂಡಲೇ ಕುಂಟಿದರೆ ಭುಜ, ಮೊಣಕೈ ಅಂತ ಯೋಚನೆ ಮಾಡೋಕೆ ಮುಂಚೆ ಪಾದ ತಿರುಗಿಸಿ ನೋಡಿ. ಅಂಗಾಲಿನ ಮೆತ್ತೆಯನ್ನು, ಅಂದ್ರೆ ಪ್ಯಾಡನ್ನು, ಸ್ವಲ್ಪ ಒದ್ದೆ ಮಾಡಿ ಬೆಳಕಿಗೆ ಹಿಡಿದರೆ ಒಂದು ದುಂಡನೆಯ, ಬೇರೆ ಬಣ್ಣದ, ಗಟ್ಟಿ ಗುರುತು ಕಾಣಬಹುದು. ನಮ್ಮ ಕಡೆ ಅದಕ್ಕೆ ಆಣಿ ಅಂತಾರೆ. ಮನುಷ್ಯರ ಕಾಲಿಗೆ ಆಗುತ್ತಲ್ಲ, ಅದೇ ಥರದ್ದು. ಬೇರೆ ತಳಿಗಳಲ್ಲಿ ಅಪರೂಪ, ಗ್ರೇಹೌಂಡ್‌ಗಳಲ್ಲಿ ಮಾಮೂಲು.

ನಮ್ಮನೆ ಮಲ್ಲಿಗೆ ಆಗಿದ್ದು ಇದೇ. ಮೆಲ್ಬರ್ನ್ ಸುತ್ತಮುತ್ತಲ ಟ್ರ್ಯಾಕ್‌ಗಳಲ್ಲಿ ಓಡಿ, ನಾಲ್ಕನೇ ವಯಸ್ಸಿಗೆ ನಿವೃತ್ತಳಾಗಿ ನಮ್ಮ ಸೋಫಾ ಸೇರಿದವಳು. (ನಾಲ್ಕಕ್ಕೇ ನಿವೃತ್ತಿ! ಸ್ಪ್ರಿಂಟ್ ಪ್ಲಾನಿಂಗ್ ಮೀಟಿಂಗ್‌ನಲ್ಲಿ ಕೂತಾಗಲೆಲ್ಲ ಹೊಟ್ಟೆ ಉರಿಯುತ್ತೆ.) ಬಂದಾಗಲೇ ಬಲ ಮುಂಗಾಲಿನ ನಡುಬೆರಳ ಮೆತ್ತೆಯಲ್ಲಿ ಹಳೇ ಗಾಯದ ಗೆರೆ ಇತ್ತು. ಓಟದ ದಿನಗಳ ನೆನಪು ಅದು.

ಈ ಪಾದಗಳ ಮೇಲೆ ಬೀಳೋ ಹೊರೆ ಸಣ್ಣದಲ್ಲ. ಸ್ಯಾಂಡೌನ್ ಪಾರ್ಕ್‌ನ 515 ಮೀಟರನ್ನು ಒಳ್ಳೇ ನಾಯಿಗಳು 30 ಸೆಕೆಂಡಿನೊಳಗೆ ಮುಗಿಸುತ್ತವೆ, ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು ವೇಗ. ತಿರುವಿನಲ್ಲಿ ಮನುಷ್ಯ ಓಟಗಾರ ನಿಧಾನ ಆಗ್ತಾನೆ, ಗ್ರೇಹೌಂಡ್ ಆಗಲ್ಲ. 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ತಿರುವಿನಲ್ಲಿ ಅದರ ಕಾಲುಗಳು ತಡೆದುಕೊಳ್ಳೋ ಬಲ ಶೇ 65ರಷ್ಟು ಏರುತ್ತೆ. ಅದೆಲ್ಲಾ ಮರಳಿನ ಮೇಲೆ. ಹಾಗಾಗಿ ಮೆತ್ತೆ ಸೀಳೋದು, ಮರಳು ಉಜ್ಜಿ ಚರ್ಮ ಸುಟ್ಟ ಹಾಗೆ ಆಗೋದು, ಉಗುರು ಕಿತ್ತು ಬರೋದು, ಬೆರಳುಗಳ ನಡುವಿನ ತೆಳು ಚರ್ಮ ಹರಿಯೋದು ಈ ಓಟದಲ್ಲಿ ನಡೀತಾನೇ ಇರುತ್ತೆ. ಕಡೇದು ನೋಡೋಕೆ ಚಿಕ್ಕದು, ಆದರೆ ಓಡಿದಷ್ಟೂ ಹರಕು ಬಟ್ಟೆ ಥರ ಮೇಲೇರುತ್ತೆ.

ಮೆತ್ತೆ ಸೀಳಿದರೆ ರಕ್ತ ಗಾಬರಿ ಆಗೋಷ್ಟು ಬರುತ್ತೆ. ಒಳಗೆ ರಕ್ತನಾಳಗಳು ತುಂಬಾ. ಶುಭ್ರ ಬಟ್ಟೆ ಒತ್ತಿ ಐದು–ಹತ್ತು ನಿಮಿಷ ಹಿಡೀಬೇಕು, ಮಧ್ಯೆ ಮಧ್ಯೆ ಎತ್ತಿ ನೋಡಬಾರದು. ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಮರಳು ಹೋಗೋ ತನಕ ತೊಳೆಯೋದು. ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅದು ಹೊಸದಾಗಿ ಬೆಳೆಯೋ ಜೀವಕೋಶಗಳನ್ನೂ ಕೊಲ್ಲುತ್ತೆ. ನಿಮ್ಮ ಡ್ರಾಯರ್‌ನಲ್ಲಿರೋ ಐಬುಪ್ರೊಫೇನ್ ಮಾತ್ರೆ ಅಂತೂ ಕೊಡಲೇಬೇಡಿ, ನಾಯಿಗೆ ಅದು ವಿಷ. ಆಳವಾಗಿ ಸೀಳಿದ್ರೆ ಅದೇ ದಿನ ವೈದ್ಯರ ಹತ್ತಿರ.

ಹೊಲಿಗೆ ಹಾಕಿದರೆ ಮುಗೀತು ಅಂದ್ಕೋಬೇಡಿ. ನಾಯಿ ಕಾಲೂರಿದಾಗಲೆಲ್ಲ ಮೆತ್ತೆ ಅಗಲ ಆಗುತ್ತೆ, ಹೊಲಿಗೆ ಚರ್ಮವನ್ನೇ ಕೊಯ್ದುಕೊಂಡು ಬಿಟ್ಟುಹೋಗುತ್ತೆ. ಅದಕ್ಕೇ ವೈದ್ಯರು ಅಂಚಿನಿಂದ ದೂರಕ್ಕೂ ಹತ್ತಿರಕ್ಕೂ ಸೂಜಿ ಹಾಯಿಸಿ ಹೊಲೀತಾರೆ, ದಪ್ಪ ಬ್ಯಾಂಡೇಜ್ ಸುತ್ತುತಾರೆ, ಬೇರೆ ಕಡೆಯ ಹೊಲಿಗೆಗಿಂತ ಹೆಚ್ಚು ದಿನ ಬಿಡ್ತಾರೆ. ಬ್ಯಾಂಡೇಜ್ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ತಲೆಕೆಡಿಸ್ಕೋತೀನಿ. ಬೆರಳುಗಳ ನಡುವೆ ಹತ್ತಿ ಇರಬೇಕು. ನಡುವಿನ ಎರಡು ಉಗುರುಗಳ ತುದಿ ಹೊರಗೆ ಕಾಣಬೇಕು, ಅವು ಒಂದರಿಂದೊಂದು ಅಗಲ ಆಗ್ತಿದ್ರೆ ಒಳಗೆ ಊತ ಇದೆ ಅಂತ ಅರ್ಥ. ಹೊರಗೆ ಹೋಗುವಾಗ ಪ್ಲಾಸ್ಟಿಕ್ ಚೀಲ ಸುತ್ತಿ, ಮನೆಗೆ ಬಂದ ತಕ್ಷಣ ತೆಗೀರಿ. ಚೀಲದೊಳಗೆ ಬೆವರು ನಿಂತು ಗಾಯ ಕೊಳೆಯುತ್ತೆ. ಹೌದು, ನಾಯಿಗೆ ಅಂಗಾಲು ಬೆವರುತ್ತೆ. ಕೆಟ್ಟ ವಾಸನೆ ಬಂದ್ರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ.

ವಾಸಿಯಾದ ಮೆತ್ತೆ ಮೊದಲಿಗೆ ತೆಳು, ಗುಲಾಬಿ. ಹುಲ್ಲಿನ ಮೇಲೆ ಹಗ್ಗ ಹಿಡಿದು ನಡಿಗೆ, ಆಮೇಲೆ ಸಿಮೆಂಟು, ಕಡೇಗೆ ಮರಳು, ಹೀಗೆ ಮುಂದುವರೀಬೇಕು. ಓಟದ ನಾಯಿಗಳಿಗೆ ಈ ಅವಧಿಯಲ್ಲಿ ಈಜಿಸೋದೂ ಉಂಟು, ಗಾಯ ಪೂರ್ತಿ ಮುಚ್ಚಿದ ಮೇಲೆ. ಆದರೆ ರೇಸ್ ಕ್ಯಾಲೆಂಡರಿಗೆ ಮೆತ್ತೆ ಬಲಿಯೋ ತನಕ ಕಾಯೋ ವ್ಯವಧಾನ ಎಷ್ಟಿದೆಯೋ! ನನಗೆ ಈ ಆಟದ ಮೇಲೆ ಪ್ರೀತಿ ಇಲ್ಲ. ಕ್ಯಾನ್‌ಬೆರಾ ಇರೋ ಪ್ರಾಂತ್ಯ 2018ರಲ್ಲೇ ನಿಷೇಧಿಸಿತು, ನ್ಯೂಜಿಲೆಂಡ್ ಸರ್ಕಾರ 2024ರಲ್ಲಿ ಮುಚ್ಚೋ ನಿರ್ಧಾರ ಪ್ರಕಟಿಸಿತು. ವಿಕ್ಟೋರಿಯಾದಲ್ಲಿ ಇನ್ನೂ ನಡೀತಿದೆ.

ಆಣಿ ಯಾಕೆ ಬರುತ್ತೆ ಅನ್ನೋದಕ್ಕೆ ವೈದ್ಯಲೋಕದಲ್ಲಿ ಒಮ್ಮತ ಇಲ್ಲ. ಒಳಗೆ ಸಿಕ್ಕ ಮರಳ ಕಣ, ಹಳೇ ಗಾಯದ ಕಲೆ, ವೈರಸ್, ಮೂಳೆ ಒತ್ತೋದು, ಎಲ್ಲದಕ್ಕೂ ಪರ ಇದ್ದಾರೆ. ಹೆಚ್ಚಾಗಿ ಬರೋದು ಮುಂಗಾಲಿನ ನಡುವಿನ ಎರಡು ಬೆರಳಿಗೆ, ಭಾರ ಹೊರೋವು ಅವೇ.

ಫೋನಲ್ಲಿ ಹೇಳಿದಾಗ ಅಮ್ಮ, "ಎಕ್ಕದ ಹಾಲು ಹಚ್ಚೋ, ನಿಮ್ಮಜ್ಜಂಗೆ ಅದ್ರಲ್ಲೇ ಹೋಯ್ತು" ಅಂದ್ಲು.

"ಅಜ್ಜ ಕಾಲು ನೆಕ್ತಿರ್ಲಿಲ್ಲ ಕಣಮ್ಮಾ" ಅಂದೆ. ಎಕ್ಕದ ಹಾಲು ನಾಯಿ ಹೊಟ್ಟೆಗೆ ಹೋದ್ರೆ ಕಷ್ಟ.

ವೈದ್ಯೆ ಮೊದಲು ಆಣಿಯನ್ನು ಬುಡಸಮೇತ ಬಿಡಿಸಿ ತೆಗೆದರು. ಅವತ್ತು ಸಂಜೆನೇ ಮಲ್ಲಿ ಫುಟ್‌ಪಾತ್ ಮೇಲೆ ಸರಿಯಾಗಿ ನಡೆದಳು. ಆರು ವಾರಕ್ಕೆ ಮತ್ತೆ ಬಂತು. ಮೂರನೇ ಸಲ ಬಂದಾಗ ಅವಳು ವಾಕ್ ಅಂದ್ರೆ ಬಾಗಿಲ ಹತ್ತಿರವೇ ನಿಂತುಬಿಡೋಳು. ಮೆತ್ತೆ ಕೊಯ್ದು ತೆಗೆಯೋ ಆಪರೇಷನ್‌ನಲ್ಲೂ ಎಷ್ಟೋ ನಾಯಿಗಳಿಗೆ ಆಣಿ ಮರಳಿ ಬರುತ್ತೆ. ಬೆರಳನ್ನೇ ಕತ್ತರಿಸೋದು ಹಳೇ ದಾರಿ, ಆದ್ರೆ ಆ ಭಾರ ಪಕ್ಕದ ಬೆರಳಿಗೆ ಹೋಗಿ ಅಲ್ಲೊಂದು ಹುಟ್ಟಬಹುದು. ಈಚೆಗೆ ಬ್ರಿಟನ್ನಿನ ವೈದ್ಯರು ಇನ್ನೊಂದು ದಾರಿ ಹಿಡಿದಿದ್ದಾರೆ: ಬೆರಳನ್ನು ಬಾಗಿಸೋ ಸ್ನಾಯುವಿನ ಹುರಿಯನ್ನಷ್ಟೇ ಕತ್ತರಿಸಿಬಿಡೋದು. ಬೆರಳು ಚಪ್ಪಟೆಯಾಗಿ ಮಲಗುತ್ತೆ, ಭಾರ ಆಣಿಯ ಮೇಲೆ ಬೀಳಲ್ಲ, ಆಣಿ ತಾನಾಗೇ ಸಣ್ಣದಾಗುತ್ತೆ.

ಚಿಕ್ಕ ಆಪರೇಷನ್ನೇ. ಆದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋಕೆ ನನಗೂ ಹೆಂಡತಿಗೂ ಒಂದು ವಾರ ಬೇಕಾಯ್ತು. ಗ್ರೇಹೌಂಡ್‌ಗಳ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಔಷಧಿಗಳಿಂದ ಅವು ಬೇಗ ಚೇತರಿಸಿಕೊಳ್ಳಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗೇ ಆಗಿ, ಒಂದೆರಡು ದಿನ ಬಿಟ್ಟು ರಕ್ತಸ್ರಾವ ಶುರುವಾಗೋದೂ ಈ ತಳಿಯಲ್ಲಿ ಗೊತ್ತಿರೋ ವಿಷಯ. ವೈದ್ಯೆ ಅದಕ್ಕೆ ಮುಂಚೆಯೇ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರು. ಆ ಎರಡು ರಾತ್ರಿ ಹಾಲ್‌ನಲ್ಲಿ ಚಾಪೆ ಹಾಕ್ಕೊಂಡು ಅವಳ ಪಕ್ಕ ಮಲಗಿದ್ದು ನಾವೇ ಪಾಳಿ ಮೇಲೆ.

ಈಗ ಹನ್ನೊಂದನೇ ವಾರ. ಆಣಿ ಪೂರ್ತಿ ಹೋಗಿಲ್ಲ, ಮೆಣಸಿನಕಾಳಿನಷ್ಟಿದ್ದದ್ದು ಸಾಸಿವೆಯಷ್ಟಾಗಿದೆ. ಮಲ್ಲಿ ಟ್ರ್ಯಾಮ್ ಸ್ಟಾಪಿನ ತನಕ ಡಾಂಬರಿನ ಮೇಲೇ ಬರ್ತಾಳೆ. ಚಪ್ಪಟೆಯಾದ ಬೆರಳಿನ ಉಗುರು ಮಾತ್ರ ಈಗ ನೆಲಕ್ಕೆ ತಾಗಿ ಸವೆಯಲ್ಲ, ಹತ್ತು ದಿನಕ್ಕೊಮ್ಮೆ ನಾನೇ ಕತ್ತರಿಸಬೇಕು. ಅದಕ್ಕೆ ಅವಳ ತಕರಾರು ಬಹಳ.