ಪಿಸ್ತೂಲು ಚಿಕ್ಕದು, ಹೊಣೆ ಚಿಕ್ಕದಲ್ಲ

ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ಮೈಲುತುತ್ತ, ಸಾಲದ ಕಂತುಗಳ ಮಾತು ಮುಗಿಸಿದ ಮೇಲೆ ಕೋವಿಯ ಲೈಸೆನ್ಸಿನ ವಿಷಯ ಎತ್ತುವುದುಂಟು. ಒಂಟಿ ಮನೆ, ಕಣದಲ್ಲಿ ಒಣಗುವ ಕಾಫಿ ಮತ್ತು ಮೆಣಸು, ಮನೆಯಲ್ಲಿ ಬಟವಾಡೆಯ ಹಣ, ಇವೆಲ್ಲ ಇರುವಲ್ಲಿ ಭಯವೂ ಇರುತ್ತದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ "ದೊಡ್ಡ ಕೋವಿಯ ರಗಳೆ ಬೇಡ, .೨೨ ಬೋರಿನ ಸಣ್ಣ ಪಿಸ್ತೂಲು ಸಾಕು" ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಆಯುಧ ಚಿಕ್ಕದಾದರೆ ರಗಳೆ ಚಿಕ್ಕದಾಗುವುದಿಲ್ಲ.

ಮೊದಲು ಅದರ ಉಪಯೋಗವನ್ನು ನೋಡೋಣ. ಹಂದಿ ಕಾಟಕ್ಕೆ ಇದು ಮದ್ದಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವಂತಿಲ್ಲ. ಅನುಮತಿಯ ಮಾತು ಹಾಗಿರಲಿ, ಈ ಸಣ್ಣ ಗುಂಡು ಹಂದಿಯನ್ನು ಕೆಡಹುವುದಕ್ಕಿಂತ ಕೆರಳಿಸುವುದೇ ಹೆಚ್ಚು. ಗಾಯಗೊಂಡ ಹಂದಿ ಕಾಫಿ ಗಿಡಗಳ ಬುಡದಲ್ಲೇ ಅಡಗಿರುತ್ತದೆ. ಮರುದಿನ ಬೆಳಿಗ್ಗೆ ಅದಕ್ಕೆ ಎದುರಾಗುವವರು ಕಳೆ ತೆಗೆಯಲು ಬಂದ ಆಳುಗಳೇ ಹೊರತು ಗುಂಡು ಹಾರಿಸಿದ ಯಜಮಾನರಲ್ಲ. ಗುರಿ ತಪ್ಪಿದ ಗುಂಡಂತೂ ಸುಮಾರು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ಅಷ್ಟು ದೂರದೊಳಗೆ ನೆರೆಯವರ ಮನೆ, ಲೈನು, ಶಾಲೆಯ ದಾರಿ ಯಾವುದೂ ಇಲ್ಲದ ತೋಟ ನಮ್ಮಲ್ಲಿ ಎಷ್ಟಿವೆ?

ಇನ್ನು ಅದರ ಸ್ವಭಾವ. ಹನ್ನೆರಡು ಬೋರಿನ ತೋಟಾದಲ್ಲಿ ಬುಡದ ನಡುವೆ ಕೇಪು ಇರುವುದನ್ನು ನಾವೆಲ್ಲ ಕಂಡಿದ್ದೇವೆ. .೨೨ ತೋಟಾದಲ್ಲಿ ಸಿಡಿಮದ್ದು ಬುಡದ ಅಂಚಿನ ಮಡಿಕೆಯೊಳಗೆ ಇರುತ್ತದೆ. ಪಿಸ್ತೂಲಿನ ಮೊಳೆ ಆ ಅಂಚಿಗೇ ಬಡಿಯಬೇಕು. ಮದ್ದು ಸುತ್ತಲೂ ಸಮನಾಗಿ ಹರಡದಿದ್ದರೆ, ಅಥವಾ ತೇವ ಇಲ್ಲವೆ ಎಣ್ಣೆ ಒಳಸೇರಿದರೆ ತೋಟಾ ಠುಸ್ಸಾಗುತ್ತದೆ. ಹಾಗಾದಾಗ ಕೂಡಲೇ ಬಿಚ್ಚಿ ನೋಡಬಾರದು. ನಳಿಕೆಯನ್ನು ಅಪಾಯವಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ತಡವಾಗಿ ಸಿಡಿಯುವುದುಂಟು. ಸದ್ದು ಎಂದಿಗಿಂತ ಕ್ಷೀಣವಾಗಿದ್ದರೆ ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು. ಇನ್ನೊಂದು ಹಾರಿಸಿದರೆ ನಳಿಕೆ ಒಡೆಯುತ್ತದೆ. ಖಾಲಿ ಪಿಸ್ತೂಲಿನ ಟ್ರಿಗರನ್ನು ಆಟಕ್ಕೆ ಎಳೆಯುವುದೂ ಸಲ್ಲದು. ಬಡಿಯಲು ತೋಟಾ ಇಲ್ಲದಾಗ ಮೊಳೆ ನಳಿಕೆಯ ಅಂಚಿಗೆ ಬಡಿದು ಎರಡೂ ಕೆಡಬಹುದು.

ನಮ್ಮ ಮಲೆನಾಡಿನ ಮಳೆಗಾಲ ಉಕ್ಕಿಗೆ ಶತ್ರು. ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಪಿಸ್ತೂಲನ್ನು ಅದರೊಳಗೇ ಇಟ್ಟು ಮರೆಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆಗೆದು ಒರೆಸಬೇಕು. ಮುಟ್ಟಿದೊಡನೆ ಮ್ಯಾಗಜೀನ್ ತೆಗೆಯಿರಿ. ಅಷ್ಟಕ್ಕೇ ಖಾಲಿಯಾಯಿತೆಂದು ತಿಳಿಯದೆ ನಳಿಕೆಯ ಬುಡವನ್ನೂ ತೆರೆದು ಕಣ್ಣಾರೆ ನೋಡಿರಿ. ಅಲ್ಲಿ ಉಳಿದ ಒಂದು ತೋಟಾ ಮನೆಯನ್ನೇ ಹಾಳುಮಾಡಬಲ್ಲದು. ಕೊಬ್ಬರಿ ಎಣ್ಣೆ ಅಂಟುಗಟ್ಟುವುದರಿಂದ ಅದು ಬೇಡ, ಕೋವಿಗೆಂದೇ ಮಾಡಿದ ತೆಳು ಎಣ್ಣೆಯ ಒಂದೆರಡು ಹನಿ ಸಾಕು. ಗುಂಡು ಸೀಸದ್ದಾದ್ದರಿಂದ ಊಟದ ಮೇಜಿನ ಮೇಲೆ ಈ ಕೆಲಸ ಮಾಡದೆ, ಮುಗಿದ ಮೇಲೆ ಕೈ ತೊಳೆಯಿರಿ. ಪಿಸ್ತೂಲು ಒಂದು ಬೀಗದಲ್ಲಿ, ತೋಟಾಗಳು ಇನ್ನೊಂದು ಬೀಗದಲ್ಲಿ, ಎರಡರ ಬೀಗದಕೈಯೂ ಲೈಸೆನ್ಸುದಾರನ ಬಳಿಯೇ ಇರಬೇಕು. ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಹಾಗೆಯೇ ಪೆಟ್ಟಿಗೆಯೊಳಗಿಟ್ಟರೆ ಪೂಜೆಯಾಯಿತೇ ಹೊರತು ಪಾಲನೆಯಾಗಲಿಲ್ಲ.

ಕಾನೂನನ್ನೂ ನೆನಪಿಡೋಣ. ೧೯೫೯ರ ಆಯುಧ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯಂತೆ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದೂ ಈ ಲೆಕ್ಕಕ್ಕೇ ಸೇರುತ್ತದೆ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಮದುವೆ ಮೆರವಣಿಗೆಯ ಸಂಭ್ರಮಕ್ಕೆ ಅಜಾಗರೂಕತೆಯಿಂದ ಹಾರಿಸಿ ಇತರರಿಗೆ ಅಪಾಯ ಒಡ್ಡಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ೨೦೨೯ರವರೆಗೆ ಮುಂದುವರಿದಿದೆ. ೨೦೨೧ರಲ್ಲಿ ರಾಜ್ಯದ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಲೈಸೆನ್ಸಿಗೆ ಮಾತ್ರ, ಎಚ್ಚರಿಕೆಗೆ ಅಲ್ಲ. ಲೈಸೆನ್ಸುದಾರರು ತೀರಿಕೊಂಡಾಗ ಮನೆಯವರು ಆಯುಧವನ್ನು ಬೀರುವಿನಲ್ಲೇ ಬಿಟ್ಟರೆ ಅದು ಅಕ್ರಮವಾದಂತೆ. ತಡಮಾಡದೆ ಠಾಣೆಯಲ್ಲಾಗಲಿ, ಲೈಸೆನ್ಸುಳ್ಳ ವ್ಯಾಪಾರಿಯಲ್ಲಾಗಲಿ ಠೇವಣಿ ಇಡತಕ್ಕದ್ದು. ಹಳಸಿದ ತೋಟಾಗಳನ್ನು ಒಲೆಗೆ, ಗೊಬ್ಬರದ ಗುಂಡಿಗೆ ಎಸೆಯದೆ ಅವರನ್ನೇ ಕೇಳಿ ಒಪ್ಪಿಸಬೇಕು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟೆ. ಲೈಸೆನ್ಸು ಕೇಳುವ ಮುನ್ನ, ವಾರಕ್ಕೆ ಅರ್ಧ ಗಂಟೆ ಇದಕ್ಕೆ ಕೊಡಬಲ್ಲೆನೇ, ಮಕ್ಕಳಿರುವ ಮನೆಯಲ್ಲಿ ಬೀಗದ ಶಿಸ್ತು ಉಳಿಸಬಲ್ಲೆನೇ ಎಂದು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಲಿ. ಆಗದೆಂದು ಕಂಡವರು ಗಟ್ಟಿ ಬಾಗಿಲು, ಒಳ್ಳೆಯ ದೀಪ, ನಂಬಿಕೆಯ ನಾಯಿ, ಬಟವಾಡೆಗೆ ಬ್ಯಾಂಕ್ ಖಾತೆ, ಇವುಗಳಿಗೆ ಹಣ ಹಾಕುವುದು ಲೇಸು. ಆಯುಧ ಇರುವ ಸದಸ್ಯರಿಗಾಗಿ ಪ್ರತಿ ವರ್ಷ ಮಳೆಗೆ ಮುನ್ನ ಒಂದು ದಿನದ ತಪಾಸಣೆ ಮತ್ತು ತಿಳಿವಳಿಕೆ ಶಿಬಿರವನ್ನು ಠಾಣೆಯವರ ಸಹಕಾರದಿಂದ ಸಂಘ ನಡೆಸಬೇಕೆಂಬ ಸೂಚನೆಯನ್ನು ಬರುವ ಮಹಾಸಭೆಯ ಮುಂದೆ ಇಡಲಿದ್ದೇನೆ. ಸದಸ್ಯ ಬಾಂಧವರು ಇದರ ಸಾಧಕ ಬಾಧಕಗಳನ್ನು ಯೋಚಿಸಿಕೊಂಡೇ ಸಭೆಗೆ ಬರಬೇಕಾಗಿ ವಿನಂತಿ.